ಸೇತುವೆಯ ಲೆಕ್ಕ, ತಂತ್ರಾಂಶದ ಲೆಕ್ಕ

ಹೊಳೆಯ ಮೇಲಿನ ಸೇತುವೆಯನ್ನು ಎಲ್ಲರೂ ನೋಡಬಲ್ಲರು. ಅದರ ಕಂಬವೆಷ್ಟು ದಪ್ಪ, ಕಮಾನೆಷ್ಟು ಅಗಲ ಎಂಬುದನ್ನು ದಡದಲ್ಲಿ ನಿಂತ ಬಾಲಕನೂ ಹೇಳಿಯಾನು. ಆದರೆ ಗಣಕಯಂತ್ರವನ್ನು ನಡೆಸುವ ತಂತ್ರಾಂಶವು ಕಣ್ಣಿಗೆ ಕಾಣುವಂಥದಲ್ಲ. ಯಂತ್ರವು ಯಾವಾಗ, ಏನನ್ನು, ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿಸುವ ಸೂಚನೆಗಳ ಸಮೂಹವೇ ತಂತ್ರಾಂಶ. ರೈಲಿನ ಟಿಕೇಟು ಕಾದಿರಿಸುವುದು, ಬ್ಯಾಂಕಿನ ಲೆಕ್ಕವಿಡುವುದು, ವಿಮಾನಕ್ಕೆ ದಾರಿ ತೋರುವುದು ಮುಂತಾದ ಕೆಲಸಗಳೆಲ್ಲ ಇಂದು ಅದರ ನೆರವಿನಿಂದಲೇ ನಡೆಯುತ್ತವೆ. ದೊಡ್ಡದೊಂದು ತಂತ್ರಾಂಶದಲ್ಲಿ ಇಂತಹ ಸೂಚನೆಗಳ ಸಾಲುಗಳು ಲಕ್ಷಗಟ್ಟಲೆ ಇರುತ್ತವೆ. ಅದನ್ನು ಒಬ್ಬನೇ ಕುಳಿತು ಬರೆದು ಮುಗಿಸಲಾಗದು. ಹಲವು ಮಂದಿ ಕೂಡಿ ಕಟ್ಟಬೇಕು. ಆದ್ದರಿಂದಲೇ ಈ ಕೆಲಸವನ್ನು ಕಟ್ಟಡದ ಕೆಲಸದೊಡನೆ ಹೋಲಿಸುವ ರೂಢಿ ಬೆಳೆಯಿತು.

ಈ ಹೋಲಿಕೆಗೂ ಒಂದು ಇತಿಹಾಸವಿದೆ. 1960ರ ದಶಕದಲ್ಲಿ ಗಣಕಯಂತ್ರಗಳ ಶಕ್ತಿಯು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಯಿತು. ಅವುಗಳಿಂದ ಜನರು ಬಯಸುವ ಕೆಲಸವೂ ಹೆಚ್ಚಿತು. ಆದರೆ ಎಷ್ಟೋ ತಂತ್ರಾಂಶಗಳು ಹೇಳಿದ ಕಾಲಕ್ಕೆ ಸಿದ್ಧವಾಗುತ್ತಿರಲಿಲ್ಲ. ಅಂದಾಜು ಮಾಡಿದ ಹಣವು ಸಾಲುತ್ತಿರಲಿಲ್ಲ. ಸಿದ್ಧವಾದವುಗಳಲ್ಲಿಯೂ ತಪ್ಪುಗಳು ಉಳಿಯುತ್ತಿದ್ದವು. ಇದಕ್ಕೆ ಪರಿಹಾರವನ್ನು ಹುಡುಕಲು 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್ ಎಂಬ ಊರಿನಲ್ಲಿ ತಜ್ಞರ ಸಮ್ಮೇಳನವೊಂದು ಸೇರಿತು. ಅದಕ್ಕೆ ‘ತಂತ್ರಾಂಶ ಎಂಜಿನಿಯರಿಂಗ್’ ಎಂಬ ಹೆಸರನ್ನು ಬೇಕೆಂದೇ ಇಡಲಾಗಿತ್ತು. ಸೇತುವೆ, ಅಣೆಕಟ್ಟುಗಳನ್ನು ಕಟ್ಟುವವರಲ್ಲಿರುವ ಶಿಸ್ತು ತಂತ್ರಾಂಶವನ್ನು ಬರೆಯುವವರಿಗೂ ಬರಬೇಕೆಂಬುದು ಆ ಹೆಸರಿನ ಇಂಗಿತವಾಗಿತ್ತು.

ಆ ಶಿಸ್ತು ಎಂಥದು? ಕಟ್ಟುವವರು ಮೊದಲು ನೆಲವನ್ನು ಅಳೆಯುತ್ತಾರೆ, ಮಣ್ಣನ್ನು ಪರೀಕ್ಷಿಸುತ್ತಾರೆ, ನಕ್ಷೆ ಬರೆದು ಭಾರದ ಲೆಕ್ಕ ಹಾಕುತ್ತಾರೆ. ಗುದ್ದಲಿ ನೆಲಕ್ಕೆ ಬೀಳುವುದು ಇವೆಲ್ಲ ಮುಗಿದ ಮೇಲೆ. 1970ರಲ್ಲಿ ಅಮೆರಿಕದ ವಿನ್‌ಸ್ಟನ್ ರಾಯ್ಸ್ ಎಂಬವರು ತಂತ್ರಾಂಶದ ಕೆಲಸವನ್ನೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಚಿತ್ರಿಸಿ ತೋರಿಸಿದರು. ಬೇಡಿಕೆಗಳನ್ನು ತಿಳಿಯುವುದು, ವಿಶ್ಲೇಷಿಸುವುದು, ವಿನ್ಯಾಸಗೊಳಿಸುವುದು, ಬರೆಯುವುದು, ಪರೀಕ್ಷಿಸುವುದು — ಹೀಗೆ ಒಂದರಿಂದ ಒಂದಕ್ಕೆ ನೀರಿನಂತೆ ಇಳಿಯುವ ಈ ಕ್ರಮಕ್ಕೆ ಮುಂದೆ ‘ಜಲಪಾತ ಪದ್ಧತಿ’ ಎಂಬ ಹೆಸರು ಬಂದಿತು. ಆದರೆ ರಾಯ್ಸ್ ಅವರೇ ಅದರ ಅಪಾಯವನ್ನೂ ಸೂಚಿಸಿದ್ದರು. ಪರೀಕ್ಷೆಯು ಕಟ್ಟಕಡೆಗೆ ಬರುವುದರಿಂದ, ಆಗ ಕಂಡುಬಂದ ದೋಷವು ಮೊದಲಿನ ವಿನ್ಯಾಸವನ್ನೇ ಬುಡಮೇಲು ಮಾಡಬಹುದೆಂದು ಅವರು ಬರೆದಿದ್ದರು. ಹಲವರು ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡರು, ಎಚ್ಚರಿಕೆಯನ್ನು ಮರೆತರು.

ಹೋಲಿಕೆ ಎಂಬುದು ಸ್ವಲ್ಪ ದೂರದವರೆಗೆ ಮಾತ್ರ ಜೊತೆಗೆ ನಡೆಯುತ್ತದೆ. ಕಲ್ಲು ಗಾರೆಗಳ ಸ್ವಭಾವ ಬೇರೆ, ಸೂಚನೆಗಳ ಸ್ವಭಾವ ಬೇರೆ. ಕಾವೇರಿ ನದಿಗೆ ಕನ್ನಂಬಾಡಿಯಲ್ಲಿ ಕಟ್ಟಿದ ಕೃಷ್ಣರಾಜಸಾಗರದ ಉದಾಹರಣೆಯನ್ನೇ ನೋಡಬಹುದು. 1911ರಲ್ಲಿ ಕೆಲಸ ಆರಂಭವಾದಾಗ ಮೈಸೂರು ಸಂಸ್ಥಾನಕ್ಕೆ ತಾನು ಬಯಸಿದಷ್ಟು ನೀರನ್ನು ಸಂಗ್ರಹಿಸಲು ಅನುಮತಿ ಇರಲಿಲ್ಲ. ಕಡಿಮೆ ಎತ್ತರದ ಕಟ್ಟೆಗೆ ಮಾತ್ರ ಒಪ್ಪಿಗೆ ದೊರೆತಿತ್ತು. ಆದರೂ ಮುಂದೆ ಏರಬೇಕಾದ ಪೂರ್ಣ ಎತ್ತರವನ್ನು ಹೊರಬಲ್ಲ ಅಡಿಪಾಯವನ್ನೇ ಆಗ ಹಾಕಲಾಯಿತು. ಕಟ್ಟೆಯನ್ನು ಹಂತ ಹಂತವಾಗಿ ಏರಿಸಬಹುದು. ಆದರೆ ನೀರು ನಿಂತ ಮೇಲೆ ಅಡಿಪಾಯವನ್ನು ಬದಲಿಸಲಾದೀತೇ? ವಿಶ್ವೇಶ್ವರಯ್ಯನವರಂತಹ ಎಂಜಿನಿಯರುಗಳ ದೂರದೃಷ್ಟಿಗೆ ಇಲ್ಲಿಯೇ ಬೆಲೆ. ತಂತ್ರಾಂಶವಾದರೋ ಗಾರೆಯಂತೆ ಗಟ್ಟಿಯಾಗುವುದಿಲ್ಲ. ಜನರ ಕೈಗೆ ಹೋದ ಮೇಲೂ ಅದನ್ನು ತಿದ್ದಬಹುದು, ಬೆಳೆಸಬಹುದು.

ಆಳುಗಳ ಲೆಕ್ಕವೂ ಎರಡರಲ್ಲಿ ಒಂದೇ ಅಲ್ಲ. ಕಾಲುವೆ ತೋಡುವ ಕೆಲಸ ಹಿಂದೆ ಬಿದ್ದರೆ ಆಳುಗಳನ್ನು ಹೆಚ್ಚಿಸಿ ಬೇಗ ಮುಗಿಸಬಹುದು. ಆದರೆ ಹಿಂದೆ ಬಿದ್ದ ತಂತ್ರಾಂಶದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಮತ್ತಷ್ಟು ಹಿಂದೆ ಬೀಳುತ್ತದೆಂದು ಫ್ರೆಡರಿಕ್ ಬ್ರೂಕ್ಸ್ ಅವರು 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತಿಳಿಸಿದರು. ಐ.ಬಿ.ಎಂ. ಸಂಸ್ಥೆಯ ಬೃಹತ್ ತಂತ್ರಾಂಶವೊಂದರ ಹೊಣೆ ಹೊತ್ತು ಪಡೆದ ಅನುಭವ ಅವರದು. ಇದಕ್ಕೆ ಕಾರಣವಿಷ್ಟೆ: ಹೊಸಬರಿಗೆ ಹಳಬರು ಕೆಲಸ ಕಲಿಸಬೇಕು, ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿದಿರಬೇಕು. ಐದು ಮಂದಿ ಪರಸ್ಪರ ಮಾತನಾಡಲು ಹತ್ತು ಜೋಡಿಗಳಾದರೆ, ಹತ್ತು ಮಂದಿಗೆ ನಲವತ್ತೈದು ಜೋಡಿಗಳಾಗುತ್ತವೆ. ಕೈಗಳು ಎರಡರಷ್ಟಾದರೆ ಮಾತುಗಳು ನಾಲ್ಕರಷ್ಟಕ್ಕೂ ಮೀರುತ್ತವೆ.

ಹೀಗಿರುವುದರಿಂದ ತಂತ್ರಾಂಶದವರು ತಮ್ಮದೇ ದಾರಿಯನ್ನು ಅರಸಿದರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಹದಿನೇಳು ಮಂದಿ ತಜ್ಞರು ಸೇರಿ ‘ಅಜೈಲ್’, ಎಂದರೆ ಚುರುಕಾದ, ಪದ್ಧತಿಯ ಘೋಷಣೆಯನ್ನು ಹೊರಡಿಸಿದರು. ಕೆಲಸವನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ, ಪ್ರತಿಯೊಂದನ್ನೂ ಬಳಸುವವರಿಗೆ ತೋರಿಸಿ, ಅವರ ಮಾತನ್ನು ಕೇಳಿ ಮುಂದುವರಿಯುವುದು ಇದರ ಸಾರ. ಸೇತುವೆಯ ಕಾಲುಭಾಗವನ್ನು ಕಟ್ಟಿ ದಾಟಿ ನೋಡಿರೆಂದು ಯಾರೂ ಹೇಳಲಾರರು. ತಂತ್ರಾಂಶದಲ್ಲಿ ಅದು ಸಾಧ್ಯ.

ಆದರೆ ತಿದ್ದುವುದು ಸುಲಭವೆಂಬ ಕಾರಣಕ್ಕೆ ಲೆಕ್ಕವನ್ನು ಬಿಡಬಹುದೇ? ಕೂಡದೆಂಬುದಕ್ಕೆ ಎರಡು ದುರಂತಗಳು ಸಾಕ್ಷಿಯಾಗಿವೆ.

ಕೆನಡಾ ದೇಶದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಮಹಾಸೇತುವೆಯೊಂದನ್ನು ಕಟ್ಟುತ್ತಿದ್ದರು. ಅದರ ನಡುವಣ ಅಂತರವು ಮೊದಲು 1,600 ಅಡಿ ಎಂದಿತ್ತು. ಅನಂತರ ಅದನ್ನು 1,800 ಅಡಿಗೆ ಹೆಚ್ಚಿಸಲಾಯಿತು. ಸೇತುವೆ ಉದ್ದವಾದರೆ ಅದರ ಸ್ವಂತ ಭಾರವೂ ಹೆಚ್ಚುವುದಷ್ಟೆ. ಆದರೆ ಭಾರದ ಲೆಕ್ಕವನ್ನು ಹೊಸದಾಗಿ ಹಾಕಲಿಲ್ಲ. ತಪ್ಪು ತಿಳಿದಾಗ ಕೆಲಸ ಬಹುದೂರ ಸಾಗಿತ್ತು; ಇಷ್ಟನ್ನು ಸೇತುವೆ ತಡೆದೀತೆಂದು ಸಲಹೆಗಾರ ಎಂಜಿನಿಯರ್ ಥಿಯೊಡರ್ ಕೂಪರ್ ಅವರು ನಂಬಿದರು. ಕಟ್ಟುತ್ತಿರುವಾಗಲೇ ಕೆಳಗಿನ ಉಕ್ಕಿನ ಭಾಗಗಳು ಬಾಗತೊಡಗಿದವು. ಸ್ಥಳದಲ್ಲಿದ್ದ ತರುಣ ಎಂಜಿನಿಯರೊಬ್ಬರು ಅದನ್ನು ಕಂಡು, ನ್ಯೂಯಾರ್ಕಿಗೆ ಹೋಗಿ ಕೂಪರ್ ಅವರಿಗೆ ತಿಳಿಸಿದರು. ಇನ್ನು ಭಾರ ಹೇರಬಾರದೆಂದು ಕೂಪರ್ ಅವರು ತಂತಿ ಕಳುಹಿಸಿದರು. ಕೆಲಸದ ಸ್ಥಳಕ್ಕೆ ಆ ಮಾತು ಮುಟ್ಟಲಿಲ್ಲ. 1907ರ ಆಗಸ್ಟ್ 29ರ ಸಂಜೆ, ದಿನದ ಕೆಲಸ ಮುಗಿಯುವ ಹೊತ್ತಿಗೆ, ಸೇತುವೆ ಕುಸಿದು ನದಿಗೆ ಬಿದ್ದಿತು. 75 ಮಂದಿ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಇದಾಗಿ ಸುಮಾರು ತೊಂಬತ್ತು ವರ್ಷಗಳ ಮೇಲೆ, 1996ರ ಜೂನ್ 4ರಂದು, ಯೂರೋಪಿನ ಏರಿಯಾನ್-5 ರಾಕೆಟ್ಟು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಮೊದಲ ಬಾರಿಗೆ ಮೇಲೇರಿತು. ಅದರ ದಿಕ್ಕನ್ನು ತಿಳಿಸುವ ತಂತ್ರಾಂಶದ ಒಂದು ಭಾಗವನ್ನು ಹಿಂದಿನ ಏರಿಯಾನ್-4ರಿಂದ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಅಲ್ಲಿ ಅದು ಸರಿಯಾಗಿ ನಡೆದಿತ್ತು. ಆದರೆ ಹೊಸ ರಾಕೆಟ್ಟಿನ ವೇಗ ಹೆಚ್ಚು. ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆಯನ್ನು ಇರಿಸಲು ಮೀಸಲಾದ ಸ್ಥಳವು 32,767ಕ್ಕಿಂತ ದೊಡ್ಡ ಸಂಖ್ಯೆಯನ್ನು ಹಿಡಿಸಲಾರದು. ಸೇರಿನ ಪಾತ್ರೆಗೆ ಕೊಳಗದ ಕಾಳನ್ನು ಸುರಿದಂತಾಯಿತು. ಒಂದು ಯಂತ್ರ ಕೆಟ್ಟರೆ ಒದಗಲೆಂದು ಎರಡನೆಯ ಯಂತ್ರವೂ ಇತ್ತು. ಆದರೆ ಅದರಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣಕ್ಕೆ ನಿಂತುಹೋಯಿತು. ಹೊರಟು ಸುಮಾರು 40 ಸೆಕೆಂಡುಗಳಲ್ಲಿ ರಾಕೆಟ್ಟು ತನ್ನಲ್ಲಿದ್ದ ನಾಲ್ಕು ಉಪಗ್ರಹಗಳೊಡನೆ ಆಕಾಶದಲ್ಲಿಯೇ ಚೂರಾಯಿತು. ಅದರಲ್ಲಿ ಮನುಷ್ಯರಿರಲಿಲ್ಲವೆಂಬುದೊಂದೇ ಸಮಾಧಾನ. ಒಂದು ತೊಲೆ ಸೋತರೆ ಪಕ್ಕದ ತೊಲೆ ಭಾರವನ್ನು ಹೊತ್ತೀತು. ತಂತ್ರಾಂಶದ ನಕಲಿನಲ್ಲಿ ಮೂಲದ ತಪ್ಪೂ ನಕಲಾಗಿರುತ್ತದೆ.

ಉಕ್ಕಿಗೂ ಸೂಚನೆಗೂ ಏನೇನೂ ಸಂಬಂಧವಿಲ್ಲ. ಆದರೂ ಎರಡು ಕಡೆಯೂ ನಡೆದ ತಪ್ಪು ಒಂದೇ. ವಸ್ತು ಬದಲಾಯಿತು, ಲೆಕ್ಕ ಬದಲಾಗಲಿಲ್ಲ. ನಿನ್ನೆ ಸರಿಯಾಗಿದ್ದುದು ಇಂದೂ ಸರಿಯೇ ಎಂಬ ನಂಬಿಕೆಯು ಪರೀಕ್ಷೆಯ ಸ್ಥಾನದಲ್ಲಿ ಬಂದು ಕುಳಿತಿತು. ತಂತ್ರಾಂಶವು ಕಟ್ಟಡದಿಂದ ಕಲಿಯಬೇಕಾದುದು ಹಂತಗಳ ಹೆಸರನ್ನಲ್ಲ, ಈ ಎಚ್ಚರವನ್ನು.

ಕ್ವಿಬೆಕ್ ಸೇತುವೆಯು 1917ರಲ್ಲಿ ಪೂರ್ಣಗೊಂಡು ಇಂದಿಗೂ ನಿಂತಿದೆ. ಕೆನಡಾದಲ್ಲಿ ಎಂಜಿನಿಯರಿಂಗ್ ಓದಿ ಹೊರಬರುವವರು ಪ್ರತಿಜ್ಞೆ ಮಾಡಿ ಕಿರುಬೆರಳಿಗೆ ಸಾದಾ ಉಂಗುರವೊಂದನ್ನು ಧರಿಸುವ ಪದ್ಧತಿಯು 1925ರಿಂದ ನಡೆದುಬಂದಿದೆ. ಬರೆಯುವ ಕೈಗೆ ಅದನ್ನು ತೊಡುತ್ತಾರೆ. ನಕ್ಷೆ ಬರೆಯುವಾಗಲೆಲ್ಲ ಅದು ಕಾಗದಕ್ಕೆ ತಾಗಿ ತಮ್ಮ ಹೊಣೆಯನ್ನು ನೆನಪಿಸಲೆಂಬುದು ಅದರ ಉದ್ದೇಶ. ಇಂದು ಅಲ್ಲಿ ಸೇತುವೆ ಕಟ್ಟಲು ಕಲಿತವರ ಜೊತೆಗೆ ತಂತ್ರಾಂಶ ಎಂಜಿನಿಯರಿಂಗ್ ಕಲಿತವರೂ ಅದೇ ಉಂಗುರವನ್ನು ಧರಿಸುತ್ತಾರೆ.

ಅಭ್ಯಾಸ

1. ತಂತ್ರಾಂಶ ಎಂದರೇನು?
2. ಗಾರ್ಮಿಶ್ ಸಮ್ಮೇಳನಕ್ಕೆ ಇಟ್ಟ ಹೆಸರಿನ ಇಂಗಿತವೇನು?
3. ಕಾಲುವೆಯ ಕೆಲಸಕ್ಕೂ ತಂತ್ರಾಂಶದ ಕೆಲಸಕ್ಕೂ ಆಳುಗಳ ಲೆಕ್ಕದಲ್ಲಿ ಇರುವ ವ್ಯತ್ಯಾಸವನ್ನು ವಿವರಿಸಿರಿ.
4. ‘ವಸ್ತು ಬದಲಾಯಿತು, ಲೆಕ್ಕ ಬದಲಾಗಲಿಲ್ಲ.’ ಈ ಮಾತನ್ನು ಎರಡು ಉದಾಹರಣೆಗಳಿಂದ ಸಮರ್ಥಿಸಿರಿ.
5. ಸ್ವಂತ ವಾಕ್ಯದಲ್ಲಿ ಬಳಸಿರಿ: ಬುಡಮೇಲು, ಇಂಗಿತ, ದೂರದೃಷ್ಟಿ.