ತೂಕಡಿಸುವವರಿಗೂ ಒಂದು ದಾರಿ

ಪ್ರಶ್ನೆ: ಮದುವೆಯಾಗಿ ಹದಿನಾರು ವರ್ಷವಾಯಿತು. ಅಡುಗೆ, ಮಕ್ಕಳ ಶಾಲೆ, ಕೋಲೂರಿ ನಡೆಯುವ ಅತ್ತೆಯ ಚಾಕರಿ, ಇಷ್ಟರಲ್ಲೇ ದಿನ ಮುಗಿಯುತ್ತದೆ. ರಾತ್ರಿ ಜಪಸರ ಹಿಡಿದರೆ ಎರಡನೇ ರಹಸ್ಯಕ್ಕೇ ತೂಕಡಿಕೆ. ಚರ್ಚಿನ ಸಂಘಗಳಲ್ಲಿ ದುಡಿಯುವವರನ್ನು ಕಂಡಾಗ ನಾನೆಂಥ ಕ್ರೈಸ್ತಳು ಅನ್ನಿಸುತ್ತದೆ. ಸಂತ ತೆರೇಸಾರ ‘ಪುಟ್ಟ ದಾರಿ’ ನಿಮ್ಮಂಥವರಿಗೇ ಇರುವುದು ಎಂದರು ನಮ್ಮ ಗುರುಗಳು. ಏನದು?
– ಓದುಗರೊಬ್ಬರು, ಕಾರ್ಕಳ

ಉತ್ತರ: ತೂಕಡಿಕೆಯಿಂದಲೇ ಶುರು ಮಾಡೋಣ. ನಿಮ್ಮ ಗುರುಗಳು ಹೇಳಿದ್ದು ಫ್ರಾನ್ಸಿನ ಲಿಸಿಯೂ ಊರಿನ ತೆರೇಸಾರ ಬಗ್ಗೆ. ಕೋಲ್ಕತ್ತದ ಮದರ್ ತೆರೇಸಾ ತಮ್ಮ ಹೆಸರನ್ನು ಪಡೆದದ್ದು ಇವರಿಂದಲೇ. ಪ್ರಾರ್ಥನೆಯ ಹೊತ್ತಿಗೆ ವರ್ಷಗಟ್ಟಲೆ ನಿದ್ದೆ ಹೋದವರು ಈಕೆ. ಜಪಸರ ಹೇಳುವುದು ತನಗೆ ಬಲು ಕಷ್ಟ ಎಂದು ಸ್ವತಃ ಬರೆದಿಟ್ಟಿದ್ದಾರೆ. ಹಾಗಿದ್ದೂ 1925ರಲ್ಲಿ ಸಂತ ಪದವಿ ಬಂತು, 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿನಲ್ಲೂ ಜಾಗ ಸಿಕ್ಕಿತು. ಎರಡನೇ ರಹಸ್ಯದ ಚಿಂತೆ ಬಿಡಿ.

1873ರಲ್ಲಿ ಹುಟ್ಟಿ, 15ನೇ ವಯಸ್ಸಿಗೆ ಕಾರ್ಮೆಲ್ ಮಠ ಸೇರಿ, 24ಕ್ಕೇ ಕ್ಷಯದಿಂದ ತೀರಿಕೊಂಡ ಹೆಣ್ಣುಮಗಳು. ಆಸ್ಪತ್ರೆ ಕಟ್ಟಿಸಲಿಲ್ಲ, ಶಾಲೆ ತೆರೆಯಲಿಲ್ಲ. ಮಠದ ಗೋಡೆಯ ಒಳಗೇ ಬದುಕು ಮುಗಿಯಿತು. 

ಹಾಗಾದರೆ ಮಾಡಿದ್ದೇನು? ಆ ಮಠದಲ್ಲಿ ಕೈಕಾಲು ಸೋತಿದ್ದ ಒಬ್ಬ ಮುದಿ ಸಿಸ್ಟರ್ ಇದ್ದರು. ಸಂಜೆ ಪ್ರಾರ್ಥನೆಯ ನಡುವೆ, ಆರಕ್ಕೆ ಹತ್ತು ನಿಮಿಷವಿರುವಾಗ ಅವರು ಮರಳು ಗಡಿಯಾರ ಅಲ್ಲಾಡಿಸಿದರೆ ‘ಹೊರಡೋಣ’ ಎಂದರ್ಥ. ತೆರೇಸಾ ಎದ್ದು, ಅವರ ಬೆಂಚನ್ನು ಅವರು ಹೇಳಿದ ಹಾಗೆಯೇ ಎತ್ತಿಕೊಂಡು, ಹಿಂದಿನಿಂದ ಸೊಂಟದ ಪಟ್ಟಿ ಹಿಡಿದು ಊಟದ ಮನೆಗೆ ನಡೆಸಬೇಕು. ಬೇಗ ನಡೆದರೆ ಬೈಗುಳ, ನಿಧಾನವಾದರೆ ಇನ್ನೊಂದು ಬೈಗುಳ. ಇಷ್ಟು ಚಿಕ್ಕವಳಿಗೆ ಇದೆಲ್ಲಿ ಸಾಧ್ಯ ಎಂಬ ಗೊಣಗಾಟ ಬೇರೆ. ಕೂರಿಸಿದ ಮೇಲೆ ಅಂಗಿಯ ತೋಳನ್ನೂ ಅವರಿಗೆ ಬೇಕಾದ ರೀತಿಯಲ್ಲೇ ಮಡಚಬೇಕಿತ್ತು. ತೆರೇಸಾರ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸೊಟ್ಟಗಾದ ಆ ಬೆರಳುಗಳಿಗೆ ರೊಟ್ಟಿ ತುಂಡು ಮಾಡಲು ಆಗುತ್ತಿಲ್ಲ ಎಂದು ಗಮನಿಸಿ, ಕೇಳದೆಯೇ ಅದನ್ನೂ ಮುರಿದುಕೊಟ್ಟು, ನಕ್ಕು ಹೊರಟರು. ಮುದುಕಿ ಮನಸೋತದ್ದು ಅಲ್ಲಿ.

ಪುಟ್ಟ ದಾರಿ ಎಂದರೆ ಆ ರೊಟ್ಟಿಯ ತುಂಡು. ಹೇಳಿದ ಕೆಲಸ ಮುಗಿದ ಮೇಲೂ ಒಂದು ಗಳಿಗೆ ನಿಂತು ನೋಡುವುದು. ಬಾಯಾರಿದವರಿಗೆ ಕೊಟ್ಟ ಒಂದು ಲೋಟ ತಣ್ಣೀರೂ ಲೆಕ್ಕಕ್ಕೆ ಬರುತ್ತದೆ ಎಂದು ಯೇಸು ಹೇಳಿದ್ದು ಮತ್ತಾಯನ ಹತ್ತನೇ ಅಧ್ಯಾಯದಲ್ಲಿದೆ. ಆ ಮಾತನ್ನು ಅಕ್ಷರಶಃ ನಂಬಿದವರು ಇವರು.

ಇದು ಸುಲಭವೆಂದು ಮಾತ್ರ ತಿಳಿಯಬೇಡಿ. ದೂರದ ಅನಾಥಾಲಯಕ್ಕೆ ಅಕ್ಕಿ ಮೂಟೆ ಕಳಿಸುವುದು ಎಷ್ಟೋ ಹಗುರ, ಅಲ್ಲಿ ಯಾರೂ ನಮ್ಮ ಅಡುಗೆಗೆ ಹೆಸರಿಡುವುದಿಲ್ಲ. ಪ್ರಾರ್ಥನೆಯಲ್ಲಿ ತೆರೇಸಾರ ಹಿಂದೆ ಕೂರುತ್ತಿದ್ದ ಸಿಸ್ಟರೊಬ್ಬರು ಚಿಪ್ಪಿಗೆ ಚಿಪ್ಪು ತಿಕ್ಕಿದಂಥ ಸದ್ದು ಮಾಡುತ್ತಿದ್ದರಂತೆ. ತಿರುಗಿ ದುರುಗುಟ್ಟಬೇಕೆನ್ನುವ ಆಸೆಯನ್ನು ತಡೆದು ತಡೆದು ಮೈ ಬೆವರುತ್ತಿತ್ತು. ಕಂಡರಾಗದ ಇನ್ನೊಬ್ಬ ಸಿಸ್ಟರತ್ತ ಎಷ್ಟು ನಗು ಬೀರಿದರೆಂದರೆ, ನನ್ನಲ್ಲಿ ಅಂಥದ್ದೇನು ಕಂಡಿರಿ ಎಂದು ಅವರೇ ಕೇಳಿದ್ದರು. ನಗು ಬಾರದ ದಿನ ಮಾತಿಗೆ ಮೊದಲೇ ಅಲ್ಲಿಂದ ಓಡಿಹೋಗುತ್ತಿದ್ದರು ತೆರೇಸಾ. ಅದನ್ನೂ ಮುಚ್ಚಿಡದೆ ಬರೆದಿದ್ದಾರೆ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಈ ಓಟದಿಂದ.

ಇನ್ನೊಂದು ಮಾತು. ಪುಟ್ಟ ದಾರಿಯನ್ನು ತಾನಾಗಿ ಹಿಡಿಯಬೇಕು, ಬೇರೆಯವರ ಹೆಗಲಿಗೆ ಹೊರಿಸುವಂತಿಲ್ಲ. ‘ನೀನು ಸಹಿಸಿಕೋ, ಪುಣ್ಯ ಬರುತ್ತದೆ’ ಎಂದು ಸೋಫಾದಲ್ಲಿ ಕೂತು ಹೇಳುವವರಿಗೆ ತೆರೇಸಾರ ಹೆಸರೆತ್ತುವ ಹಕ್ಕಿಲ್ಲ. ನೀವು ಅತ್ತೆಯವರಿಗೆ ರೊಟ್ಟಿ ಮುರಿದುಕೊಡುತ್ತಲೇ ಇದ್ದೀರಿ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ವಾರಕ್ಕೆರಡು ದಿನ ಆ ಕೆಲಸ ಅವರ ಮಗನಿಗೂ ಸಿಗಲಿ. ಈ ಪುಟ ಓದಿ ಮುಗಿದ ಮೇಲೆ ನಿಮ್ಮ ಯಜಮಾನರ ಕೈಗೆ ಕೊಡಿ.