ಈ ಚಿತ್ರ ಯಾರದು? ಛಾಯಾಚಿತ್ರದ ಹಕ್ಕು ಕುರಿತ ಒಂದು ಅಭ್ಯಾಸ ಪಾಠ

ತರಗತಿ: 9. ಅವಧಿ: 40 ನಿಮಿಷ.
ಬೋಧನೋಪಕರಣ: ನಾನೇ ತೆಗೆದ ಮಿಂಚುಳ್ಳಿಯ ಚಿತ್ರದ ಎರಡು ಪ್ರತಿಗಳು. ಒಂದರಲ್ಲಿ ಹೆಸರಿದೆ, ಇನ್ನೊಂದರಲ್ಲಿ ಇಲ್ಲ.

ಪಾಠದ ಅಗತ್ಯ

ಯೋಜನಾ ಕಾರ್ಯವೆಂದರೆ ಅಂತರ್ಜಾಲದಿಂದ ಚಿತ್ರ ಇಳಿಸಿ ಚಾರ್ಟಿಗೆ ಅಂಟಿಸುವುದು ಎಂದಾಗಿದೆ. ಚಿತ್ರ ಯಾರದೆಂದು ಕೇಳಿದರೆ ಮಕ್ಕಳು "ಗೂಗಲ್‌ದು ಸರ್" ಎನ್ನುತ್ತಾರೆ. ಗೂಗಲ್ ಚಿತ್ರವನ್ನು ಹುಡುಕಿ ಕೊಡುತ್ತದೆ. ತೆಗೆದವರು ಬೇರೆ ಇರುತ್ತಾರೆ. ಇದನ್ನು ಮನದಟ್ಟು ಮಾಡಿಸುವುದೇ ಪಾಠದ ಉದ್ದೇಶ.

ಪಾಠದ ಬೆಳವಣಿಗೆ

ಮೊದಲು, ಮಿಂಚುಳ್ಳಿಯ ಚಿತ್ರಕ್ಕೆ ಏನೇನು ಖರ್ಚಾಗಿರಬಹುದು ಎಂದು ಕೇಳಿದೆ. ಕ್ಯಾಮೆರಾ, ಲೆನ್ಸ್, ಬಸ್ಸಿನ ಖರ್ಚು, ಕೆರೆಯ ದಂಡೆಯಲ್ಲಿ ಕಾದ ಹೊತ್ತು ಎಂದು ಮಕ್ಕಳು ಪಟ್ಟಿ ಮಾಡಿದರು. ಎರಡೂ ಪ್ರತಿಗಳನ್ನು ತೋರಿಸಿ, ಹೆಸರು ಅಳಿಸಿದರೆ ನಷ್ಟವೇನು ಎಂದೆ. "ಚಿತ್ರ ಇಷ್ಟವಾದವರು ಮುಂದಿನ ಕೆಲಸ ಕೊಡಲು ಯಾರನ್ನು ಹುಡುಕಬೇಕು?" ಎಂದು ಒಬ್ಬ ವಿದ್ಯಾರ್ಥಿನಿ ಮರುಪ್ರಶ್ನೆ ಹಾಕಿದಳು. ಪಾಠದ ತಿರುಳು ಅಲ್ಲಿತ್ತು.

ಆಮೇಲೆ ಕಾನೂನಿನ ಅಂಶಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರವೂ ಕಲಾಕೃತಿ. ಚಿತ್ರ ತೆಗೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. 57ನೇ ಕಲಮಿನಂತೆ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಸ್ವಾಮ್ಯವನ್ನು ಬೇರೆಯವರಿಗೆ ಕೊಟ್ಟ ಮೇಲೂ ಕರ್ತೃವಿಗೆ ಉಳಿಯುತ್ತದೆ.

"ನಮ್ಮ ಅಕ್ಕನ ಮದುವೆ ಫೋಟೊ ಸ್ಟುಡಿಯೊದವರದಾ ಸರ್?" ಎಂಬ ಪ್ರಶ್ನೆ ಬಂತು. ಹಣ ಕೊಟ್ಟು ತೆಗೆಸಿದ ಚಿತ್ರದ ಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು ಎಂದು 17ನೇ ಕಲಮು ಹೇಳುತ್ತದೆ. ಹಾಗಾಗಿ ಛಾಯಾಗ್ರಾಹಕರು ಕೆಲಸಕ್ಕೆ ಮೊದಲೇ ಒಪ್ಪಂದವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು ಎಂದು ವಿವರಿಸಿದೆ.

ಕೊನೆಗೆ ಗುಂಪು ಚಟುವಟಿಕೆ: ಛಾಯಾಗ್ರಾಹಕರು ಚಿತ್ರವನ್ನು ಕಾಪಾಡಿಕೊಳ್ಳುವುದು ಹೇಗೆ? ಚರ್ಚೆಯಿಂದ ಬಂದ ಅಂಶಗಳಿವು:

1. ಅಂತರ್ಜಾಲಕ್ಕೆ ಚಿಕ್ಕ ಅಳತೆಯ ಪ್ರತಿ ಹಾಕಿ, ಮೂಲ ಕಡತವನ್ನು ಪುರಾವೆಯಾಗಿ ಇಟ್ಟುಕೊಳ್ಳುವುದು.
2. ಸುಲಭವಾಗಿ ಕತ್ತರಿಸಲಾಗದ ಜಾಗದಲ್ಲಿ ಹೆಸರಿನ ಗುರುತು ಹಾಕುವುದು.
3. ಕಡತದೊಳಗಿನ ಮಾಹಿತಿಯಲ್ಲೂ ಹೆಸರು ಸೇರಿಸುವುದು. ಕೆಲವು ಆ್ಯಪ್‌ಗಳು ಇದನ್ನು ಅಳಿಸುವುದರಿಂದ ಇದೊಂದನ್ನೇ ನಂಬುವಂತಿಲ್ಲ.
4. ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯದಿಂದ ಆಗಾಗ ಪರಿಶೀಲಿಸುವುದು.
5. ಕದ್ದದ್ದು ಕಂಡರೆ ಪುಟದ ವಿಳಾಸ, ದಿನಾಂಕ, ಪರದೆಯ ಚಿತ್ರ ಉಳಿಸಿಕೊಂಡು, ತೆಗೆದುಹಾಕುವಂತೆ ಲಿಖಿತ ದೂರು ಕೊಡುವುದು.

ಮೌಲ್ಯಮಾಪನ

ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರಗಳನ್ನೂ ತೆಗೆದವರು. ಅವರು 2007ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಅವರ ಚಿತ್ರಕ್ಕೆ ಎಲ್ಲಿಯವರೆಗೆ ಹಕ್ಕಿದೆ ಎಂದು ಕೇಳಿದೆ. ಮರಣದ ಮುಂದಿನ ವರ್ಷದ ಆರಂಭದಿಂದ 60 ವರ್ಷ, ಅಂದರೆ 2067ರ ಕೊನೆಯವರೆಗೆ. ಹೆಚ್ಚಿನವರು 2007ರಿಂದಲೇ ಎಣಿಸಿದರು. ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಬೇಕಾಯಿತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಪಾಠ ಮಾಡುವಾಗ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಯ ಪ್ರತಿ ಮಾಡಲು 52ನೇ ಕಲಮಿನಲ್ಲಿ ರಿಯಾಯಿತಿ ಇದೆ. ಆದ್ದರಿಂದ ಚಾರ್ಟಿನ ಮಕ್ಕಳನ್ನು ಕಳ್ಳರೆಂದು ಗದರಿಸುವುದು ತಪ್ಪು. ಆದರೆ ಅದೇ ಚಿತ್ರ ಶಾಲೆಯ ಯೂಟ್ಯೂಬ್ ಪಾಠಕ್ಕೋ ಮಾರಾಟದ ಗೈಡಿಗೋ ಹೋದಾಗ ಈ ರಿಯಾಯಿತಿಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಆಗ ಅನುಮತಿ ಕೇಳಬೇಕು. ಇಲ್ಲವೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಚಿತ್ರವನ್ನು ಅದರ ಷರತ್ತಿನಂತೆ ಬಳಸಬೇಕು. ಚಾರ್ಟಿನ ಪ್ರತಿ ಚಿತ್ರದ ಕೆಳಗೂ ತೆಗೆದವರ ಹೆಸರು ಬರೆಸಿ, ಅದಕ್ಕೊಂದು ಅಂಕ ಇಡೋಣ. ಹೆಸರು ಸಿಗದಿದ್ದರೆ ಬೇರೆ ಚಿತ್ರ ಹುಡುಕಲಿ, ಇಲ್ಲವೇ ತಾವೇ ಬಿಡಿಸಲಿ.