ರಾಯಪುರಂನಿಂದ ಕೋಡಂಬಾಕಕ್ಕೆ: ಮೈಕ್ ಹಿಡಿದವನ ಅನುಭವದ ಪಾಠಗಳು

ಕಾರ್ಯಕ್ರಮ ನಿರೂಪಣೆ, ಡಬ್ಬಿಂಗ್, ಆರ್ಕೆಸ್ಟ್ರಾ ವೇದಿಕೆ, ಆಗೊಮ್ಮೆ ಈಗೊಮ್ಮೆ ಧಾರಾವಾಹಿಯಲ್ಲೊಂದು ಸಣ್ಣ ಪಾತ್ರ. ಚೆನ್ನೈನಲ್ಲಿ ನೆಲೆಸಿದ ನನ್ನಂಥ ಕನ್ನಡಿಗನ ಸಂಸಾರ ಇವೆಲ್ಲ ಸೇರಿದರೇ ನಡೆಯುವುದು. ಮನೆ ರಾಯಪುರಂನಲ್ಲಿ, ಕೆಲಸ ಕೋಡಂಬಾಕ, ವಡಪಳನಿ ಕಡೆ. ಬೀಚ್ ಸ್ಟೇಷನ್ನಿನಲ್ಲಿ ಇಳಿದು ತಾಂಬರಂ ಗಾಡಿ ಹಿಡಿಯಬೇಕು. ‘ಯಾವುದಾದರೂ ಒಂದನ್ನೇ ಹಿಡಿದು ಕೂರಬಾರದೇನಪ್ಪಾ?’ ಎಂದು ಊರಿನ ಹಿರಿಯರು ಕೇಳುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬರುವವರ ಮನಸ್ಸಿನಲ್ಲೂ ಅದೇ ಪ್ರಶ್ನೆ. ಅವರಿಗಾಗಿ ಈ ಮಾತುಗಳು.

1. ಒಂದು ಕೆಲಸ ಇನ್ನೊಂದಕ್ಕೆ ತಾಲೀಮು

ಇದೇ ಊರಲ್ಲಿ ಬಾಳಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನೇ ನೋಡಿ. 1966ರಲ್ಲಿ ತೆಲುಗಿನಲ್ಲಿ ಮೊದಲ ಹಾಡು, ಅದರ ಬೆನ್ನಿಗೇ ಕನ್ನಡದ ‘ನಕ್ಕರೆ ಅದೇ ಸ್ವರ್ಗ’ಕ್ಕೆ ಹಾಡಿದರು. ಮುಂದೆ ಸಂಗೀತ ನಿರ್ದೇಶಕರಾದರು, ನಟರಾದರು, ಕಮಲಹಾಸನ್ ಅವರ ತೆಲುಗು ದನಿಯಾದರು. ‘ದಶಾವತಾರಂ’ನ ತೆಲುಗು ರೂಪದಲ್ಲಿ ಹತ್ತು ಪಾತ್ರಗಳ ಪೈಕಿ ಏಳಕ್ಕೆ ಅವರದೇ ಕಂಠ. ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಇಷ್ಟೆಲ್ಲದರ ನಡುವೆ ‘ಎದೆ ತುಂಬಿ ಹಾಡುವೆನು’ ಎಂಬ ಟೀವಿ ಗಾಯನ ಸ್ಪರ್ಧೆಯ ವೇದಿಕೆಯಲ್ಲಿ ಅವರು ಮಕ್ಕಳ ಮುಂದೆ ಕೂತರು. ಉಸಿರು ಎಲ್ಲಿ ಸಾಲದಾಗುತ್ತದೆ ಎಂಬುದು ಗಾಯಕನಾಗಿ ಅವರಿಗೆ ಗೊತ್ತು, ಅಕ್ಷರ ಎಲ್ಲಿ ಜಾರುತ್ತದೆ ಎಂಬುದು ಕಂಠದಾನ ಮಾಡಿ ಗೊತ್ತು, ಕ್ಯಾಮೆರಾ ಕಂಡರೆ ಮೈ ಹೇಗೆ ಬಿಗಿಯುತ್ತದೆ ಎಂಬುದು ನಟನಾಗಿ ಗೊತ್ತು. ತಪ್ಪನ್ನು ತಿದ್ದುವಾಗಲೂ ಮಗುವಿನ ಮುಖ ಬಾಡದಂತೆ ನೋಡಿಕೊಳ್ಳುತ್ತಿದ್ದರು. ಹಾಡು ಬರೆದವರನ್ನು, ರಾಗ ಹಾಕಿದವರನ್ನು ಹೆಸರು ಹಿಡಿದು ನೆನೆಯುತ್ತಿದ್ದರು. ನನ್ನ ಮಟ್ಟಿಗೆ ಕನ್ನಡ ಟೀವಿ ಕಂಡ ಅತ್ಯುತ್ತಮ ನಿರೂಪಣೆ ಅದು. ಬರೀ ನಿರೂಪಣೆ ಕಲಿತವರಿಗೆ ಅದು ಸಾಧ್ಯವಿರಲಿಲ್ಲ.

2. ಬಾಯಿಗಿಂತ ಮೊದಲು ಕಿವಿ

ಇಯರ್‌ಪೀಸಿನಲ್ಲಿ ನಿರ್ದೇಶಕರು ‘ಮುಂದೆ ಹೋಗಿ, ಮುಂದೆ ಹೋಗಿ’ ಎನ್ನುತ್ತಿರುತ್ತಾರೆ. ಎದುರಿಗಿರುವವರು ಮಾತು ನಿಲ್ಲಿಸಿ ಉಗುಳು ನುಂಗುತ್ತಾರೆ. ಆಗ ಸುಮ್ಮನಿರಿ. ಅವರು ನಿಜವಾಗಿ ಹೇಳಬೇಕೆಂದಿದ್ದದ್ದು ಆ ಮೌನದ ನಂತರವೇ ಬರುತ್ತದೆ. 2014ರಲ್ಲಿ ಶುರುವಾದ ‘ವೀಕೆಂಡ್ ವಿತ್ ರಮೇಶ್’ ಟೀವಿ ಕಾರ್ಯಕ್ರಮದಲ್ಲಿ ಅತಿಥಿಯ ಹಳೆಯ ಮೇಷ್ಟರೋ ಬಾಲ್ಯದ ಗೆಳೆಯರೋ ಬಂದು ನಿಂತಾಗ ರಮೇಶ್ ಅರವಿಂದ್ ಹೇಗೆ ಪಕ್ಕಕ್ಕೆ ಸರಿಯುತ್ತಾರೆ, ಗಮನಿಸಿ.

3. ಕೈಗೆ ಕೊಟ್ಟ ಕನ್ನಡವನ್ನು ಮೊದಲು ಸರಿಮಾಡಿ

ಚೆನ್ನೈನಲ್ಲಿ ಜಾಹೀರಾತಿಗೆ ಕಂಠ ಕೊಡುವವರ ದೊಡ್ಡ ಕಷ್ಟ ಇದು. ತಮಿಳಿನಲ್ಲಿ ಬರೆದದ್ದನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿರುತ್ತಾರೆ. ವಾಕ್ಯ ಉದ್ದವಾಗಿರುತ್ತದೆ, ಸಮಯ ಅಷ್ಟೇ ಇರುತ್ತದೆ. ಓಡಿಸಿ ಓದಿದರೆ ಕೇಳುವವರಿಗೆ ಒಂದಕ್ಷರವೂ ತಲುಪುವುದಿಲ್ಲ. ಬೂತ್‌ಗೆ ಹೋಗುವ ಮೊದಲೇ ಪೆನ್ಸಿಲ್ ಹಿಡಿದು ಕೂರಬೇಕು.

ಮುಖ ಕಾಣುವ ದೃಶ್ಯವಾದರೆ ತುಟಿ ನೋಡಿ: ಪ, ಬ, ಮ ಬಂದಲ್ಲಿ ತುಟಿ ಮುಚ್ಚುತ್ತದೆ. ನಿಮ್ಮ ಕನ್ನಡದಲ್ಲೂ ಅಲ್ಲಿ ಅಂಥದ್ದೇ ಅಕ್ಷರ ಕೂರಿಸಿ. ತಮಿಳು ಲಿಪಿಯಲ್ಲಿ ಮಹಾಪ್ರಾಣಗಳಿಗೆ ಬೇರೆ ಅಕ್ಷರವಿಲ್ಲ. ಇಲ್ಲೇ ಓದಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ‘ಧನ’ವೂ ‘ದನ’ವೂ ಒಂದೇ ಆಗಿಬಿಡುತ್ತದೆ. ದಿನಾ ಗಟ್ಟಿಯಾಗಿ ಕನ್ನಡ ಪತ್ರಿಕೆ ಓದುವುದೇ ಇದಕ್ಕೆ ಮದ್ದು. ಒಂದು ಪುಟ ಸಾಕು, ಆದರೆ ತಪ್ಪಿಸಬಾರದು.

4. ನಿಂತ ಜಾಗದ ಒಂದು ನಿಜ ಗೊತ್ತಿರಲಿ

‘ಇಲ್ಲಿ ನೆರೆದಿರುವ ಎಲ್ಲರಿಗೂ’ ಎಂಬ ಮಾತು ಯಾರಿಗೂ ತಾಗುವುದಿಲ್ಲ. ರಾಯಪುರಂನಲ್ಲಿ ಮೈಕ್ ಹಿಡಿದಾಗ ನಾನು ಸ್ಟೇಷನ್ನಿನಿಂದ ಶುರು ಮಾಡುತ್ತೇನೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರ ಜುಲೈ 1ರಂದು ಹೊರಟದ್ದು ಇಲ್ಲಿಂದಲೇ, ಆರ್ಕಾಟ್ ಕಡೆಗೆ. ರೈಲ್ವೆಯವರೂ ಕಾಸಿಮೇಡು ಬಂದರಿನ ಮೀನುಗಾರರೂ ಅದನ್ನು ಕೇಳಿ ನೆಟ್ಟಗೆ ಕೂರುತ್ತಾರೆ.

5. ಗಂಟಲು

ಕಡಲ ತೇವದ ಸೆಕೆಯಿಂದ ಎ.ಸಿ. ಸ್ಟುಡಿಯೋಗೆ ನುಗ್ಗಿದ ಕೂಡಲೇ ಮಾತಾಡಬೇಡಿ. ಬಿಸಿನೀರು ಗುಟುಕರಿಸಿ. ಹಿಂದಿನ ರಾತ್ರಿ ನಿದ್ದೆ ಮಾಡಿ.

6. ಹಣದ ಮಾತು ಮೊದಲೇ ಆಗಲಿ

ದನಿಯನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸುತ್ತಾರೆ ಎಂಬುದು ಬರವಣಿಗೆಯಲ್ಲಿರಲಿ. ಈಗ ಕೆಲವು ನಿಮಿಷದ ಧ್ವನಿಮುದ್ರಣ ಸಿಕ್ಕರೂ ಯಂತ್ರ ನಿಮ್ಮ ಕಂಠವನ್ನು ನಕಲು ಮಾಡುತ್ತದೆ. ಒಪ್ಪಿಗೆಯಿಲ್ಲದೆ ಹಾಗೆ ಮಾಡಕೂಡದು ಎಂಬ ಸಾಲು ಕರಾರಿನಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

7. ಕುರ್ಚಿ ಎದುರಿನವರದು

ಪುನೀತ್ ರಾಜ್‌ಕುಮಾರ್ ಹುಟ್ಟಿದ್ದು ಚೆನ್ನೈನಲ್ಲೇ, 1975ರಲ್ಲಿ. ಆರು ತಿಂಗಳ ಕೂಸಾಗಿ ‘ಪ್ರೇಮದ ಕಾಣಿಕೆ’ಯಲ್ಲಿ ಕಾಣಿಸಿಕೊಂಡರು. ‘ಬೆಟ್ಟದ ಹೂವು’ ಚಿತ್ರಕ್ಕೆ ಬಾಲನಟನ ರಾಷ್ಟ್ರಪ್ರಶಸ್ತಿ ಪಡೆದರು. ಹಾಡಿದರು, ಕುಣಿದರು, ನಿರ್ಮಾಪಕರೂ ಆದರು. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಟೀವಿ ಸ್ಪರ್ಧೆಗೆ ನಿರೂಪಕರಾಗಿ ಬಂದಾಗ ಅಷ್ಟು ದೊಡ್ಡ ತಾರೆ ಸ್ಪರ್ಧಿಯ ಮನೆಯ ಕಷ್ಟ ಕೇಳುತ್ತ ಕೂರುತ್ತಿದ್ದ ರೀತಿಯಲ್ಲಿ ಗತ್ತಿನ ಸುಳಿವೂ ಇರಲಿಲ್ಲ. ನಿರೂಪಕನಿಗೆ ಇರಬೇಕಾದ ಗುಣಗಳಲ್ಲಿ ನಾನು ಮೊದಲಿಗೆ ಎಣಿಸುವುದು ಅದನ್ನೇ.

ಚೆನ್ನೈನ ಕನ್ನಡ ಮನೆಗಳವರಲ್ಲಿ ಒಂದು ಕೋರಿಕೆ. ಈ ಸಲದ ರಾಜ್ಯೋತ್ಸವಕ್ಕೆ ಹೊರಗಿನಿಂದ ನಿರೂಪಕರನ್ನು ಕರೆಸಬೇಡಿ, ನನ್ನನ್ನೂ ಕರೆಯಬೇಡಿ. ನಿಮ್ಮ ಮಕ್ಕಳ ಕೈಗೆ ಮೈಕ್ ಕೊಡಿ. ತಡವರಿಸಿದರೆ ಕಾಯಿರಿ, ಬೇಕಾದರೆ ತಮಿಳು ಲಿಪಿಯಲ್ಲೇ ಬರೆದುಕೊಂಡು ಬಂದು ಕನ್ನಡ ಮಾತಾಡಲಿ. ಅಭ್ಯಾಸಕ್ಕೆ ಕೂರಿಸಿಕೊಳ್ಳಲು ನಾನು ಬರುತ್ತೇನೆ.